ಸೊನ್ನೆಯ ಜಾಗದ ಶಿಲುಬೆ

ಆ ಶಿಲುಬೆ ಮೊದಲು ಕಣ್ಣಿಗೆ ಬಿದ್ದದ್ದು ದೊನ್ಯಾ ಬ್ರಿಹಿದಾಳಿಗೆ. ಜೀವಮಾನವೆಲ್ಲ ಶಾಲೆಯಲ್ಲಿ ಮಕ್ಕಳ ತಪ್ಪು ತಿದ್ದಿ ನಿವೃತ್ತಳಾದ ಹೆಂಗಸು. ಅಂಥವರ ಕಣ್ಣಿನಿಂದ ಯಾವುದು ತಪ್ಪಿಸಿಕೊಂಡೀತು? ಮೆಕ್ಸಿಕೊ ನಗರದ ನಾರ್ವಾರ್ತೆ ಬಡಾವಣೆಯಲ್ಲಿ ಆಗಿನ್ನೂ ಏಳುತ್ತಿದ್ದ ಹನ್ನೊಂದು ಮಹಡಿಯ ಕಟ್ಟಡದಲ್ಲಿ, ಏಳನೆಯ ಮಹಡಿಯ ಮನೆ ಕೊಳ್ಳಬೇಕೆಂದು ಬಂದಿದ್ದಳು. ಮಾರಾಟದ ಹುಡುಗಿ ಕೊಟ್ಟ ಬಣ್ಣದ ನಕ್ಷೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಒಂದು ಕಡೆ ಬೆರಳಿಟ್ಟಳು.

"ಇಲ್ನೋಡಮ್ಮ, ಅಡುಗೆಮನೆ ಗೋಡೆ ಹಿಂದೆ ಇದೇನಿದು? ಶಿಲುಬೆ ಇದ್ದಂಗಿದೆಯಲ್ಲ. ಇಲ್ಲಿ ಸತ್ತಿದ್ದು ಯಾರು?"

ಹುಡುಗಿ ನಕ್ಕು, "ಪ್ರಿಂಟ್ ತಪ್ಪಿರಬೇಕು ಮೇಡಂ" ಎಂದು ಆರನೆಯ ಮಹಡಿಯ ಹಾಳೆ ತೆಗೆದಳು. ಅದರಲ್ಲೂ ಇತ್ತು. ಎಂಟನೆಯದರಲ್ಲೂ ಇತ್ತು. ಕೆಳಗಿನಿಂದ ತಾರಸಿಯವರೆಗೆ ಪ್ರತಿ ಹಾಳೆಯಲ್ಲೂ ಅದೇ ಜಾಗದಲ್ಲಿ ಬೆರಳ ಉಗುರಿನಷ್ಟು ಪುಟ್ಟ ಶಿಲುಬೆ. ನಮ್ಮಲ್ಲಿ ರಸ್ತೆಯ ತಿರುವಿನಲ್ಲಿ ಅಂಥದೊಂದು ಕಂಡರೆ ಯಾರೂ ಅರ್ಥ ಕೇಳುವುದಿಲ್ಲ. ಅಲ್ಲಿ ಯಾರೋ ಸತ್ತಿದ್ದಾರೆ, ಅಷ್ಟೇ. ಎದೆ ಮುಟ್ಟಿಕೊಂಡು ಮುಂದೆ ಹೋಗುತ್ತಾರೆ. ದೊನ್ಯಾ ಬ್ರಿಹಿದಾಳೂ ಎದೆ ಮುಟ್ಟಿಕೊಂಡಳು, ಕೈಚೀಲ ಎತ್ತಿಕೊಂಡಳು, ಹಿಂದಿರುಗಿ ನೋಡದೆ ಹೊರಟುಹೋದಳು.

ಮಾರನೆಯ ದಿನ ಆ ದೂರು ಬಂದು ಬಿದ್ದದ್ದು ಎರ್ಲಿಂದಾಳ ಮೇಜಿನ ಮೇಲೆ.

ಎರ್ಲಿಂದಾ ಐವತ್ತರ ಹತ್ತಿರದವಳು. ಆರ್ಕಿಟೆಕ್ಟ್ ಲೆಯೊಬಾರ್ದೊನ ಕಚೇರಿಯಲ್ಲಿ ಕಂಪ್ಯೂಟರಿನ ಮೇಲೆ ನಕ್ಷೆ ಬರೆಯುವ ಕೆಲಸ. ಮದುವೆ ಆಗಿರಲಿಲ್ಲ. ಆಗಲಿಲ್ಲ ಅನ್ನೋದಕ್ಕಿಂತ ಪುರುಸೊತ್ತಾಗಲಿಲ್ಲ ಎಂದು ಅವಳೇ ನಗುತ್ತಿದ್ದಳು. ತಾಯಿ ತೀರಿಕೊಂಡಾಗ ತಮ್ಮ ನಬೋರ್ ಇನ್ನೂ ಮೂಗು ಸುರಿಸುವ ಪೋರ. ಅವನಿಗೆ ಉಣ್ಣಿಸಿ, ಬೈದು, ಗಾರೆ ಕೆಲಸಕ್ಕೆ ಹಚ್ಚಿ, ಮೇಸ್ತ್ರಿಯಾಗುವವರೆಗೆ ಬೆನ್ನಿಗೆ ನಿಂತವಳು ಅವಳೇ. ಈ ಕಟ್ಟಡದ ಹಳೆಯ ಮೇಸ್ತ್ರಿ ನಡುವೆ ಕೈಕೊಟ್ಟು ಹೋದಾಗ, ಆರ್ಕಿಟೆಕ್ಟನಿಗೆ ದುಂಬಾಲು ಬಿದ್ದು, ತೊಲೂಕಾದಲ್ಲಿದ್ದ ನಬೋರನನ್ನು ಕರೆಸಿದವಳೂ ಅವಳೇ. ಲೋಕಕ್ಕೆ ಅವನು ತಮ್ಮ, ಅವಳಿಗೆ ಹೆಚ್ಚುಕಡಿಮೆ ಮಗ.

ಕಚೇರಿಯಲ್ಲಿ ಅವಳ ನಾಲಿಗೆಗೆ ಹೆದರದವರಿಲ್ಲ. ಬ್ರೆಡ್ಡಿನೊಳಗೆ ಜೋಳದ ಹಿಟ್ಟಿನ ಕಡುಬಿನಂಥ ಬಿಸಿ ತಮಾಲ್ ತುರುಕಿಸಿಕೊಂಡು ಬಂದು ಕೀಲಿಮಣೆಯ ಮೇಲೆಯೇ ಪುಡಿ ಉದುರಿಸುತ್ತ ತಿನ್ನುವವಳು ಅವಳೇ, ಬೇರೆಯವರು ಉದುರಿಸಿದರೆ ಬೈಯುವವಳೂ ಅವಳೇ. ಹೊಸ ಹುಡುಗರು ಫೈಲಿಗೆ 'ಕೊನೆಯದು' ಎಂದು ಹೆಸರಿಟ್ಟು, ಮರುದಿನ 'ನಿಜವಾಗಿ ಕೊನೆಯದು' ಎಂದು ಇನ್ನೊಂದು ಇಟ್ಟರೆ, "ಕೊನೆ ಕಂಡೋರು ಯಾರಪ್ಪ? ದೇವರಿಗೇ ಗೊತ್ತಿಲ್ಲ, ನಿಂಗೆ ಗೊತ್ತಾ?" ಎನ್ನುತ್ತಿದ್ದಳು.

ದೊಡ್ಡ ಕಟ್ಟಡದ ನಕ್ಷೆಯನ್ನು ಯಾರೂ ಒಂದೇ ಫೈಲಿನಲ್ಲಿ ಬರೆಯುವುದಿಲ್ಲ. ಮೆಟ್ಟಿಲು, ಲಿಫ್ಟು, ನೀರಿನ ಕೊಳವೆಗಳು ಇಳಿದುಹೋಗುವ ಡಕ್ಟು, ಇವೆಲ್ಲ ಪ್ರತಿ ಮಹಡಿಯಲ್ಲೂ ಒಂದೇ ಜಾಗದಲ್ಲಿ ಇರುತ್ತವೆ. ಹಾಗಾಗಿ ಒಂದು ಕಡೆ ಬರೆದಿಟ್ಟು, ಎಲ್ಲ ಮಹಡಿಯ ನಕ್ಷೆಗೂ ಕೊಂಡಿ ಹಾಕುತ್ತಾರೆ. ಮೂಲದಲ್ಲಿ ಒಂದು ಗೆರೆ ಎಳೆದರೆ ಹನ್ನೊಂದು ಮಹಡಿಯಲ್ಲೂ ಅದು ಮೂಡುತ್ತದೆ, ಅಳಿಸಿದರೆ ಹನ್ನೊಂದರಲ್ಲೂ ಅಳಿಯುತ್ತದೆ. ಕೊಂಡಿಯೊಳಗೆ ಕೊಂಡಿಯೂ ಇರಬಹುದು. ಈ ಕಚೇರಿಯ ಕೊಂಡಿಗಳನ್ನೆಲ್ಲ ಹಾಕಿದ್ದವನು ದೋನ್ ಎವೋದಿಯೊ ಎಂಬ ಮುದುಕ. ಎರ್ಲಿಂದಾಳಿಗೆ ಕೆಲಸ ಕಲಿಸಿದ ಗುರು. ಮಸಿಯಲ್ಲಿ ನಕ್ಷೆ ಬರೆಯುವ ಕಾಲದಿಂದ ಕಂಪ್ಯೂಟರಿನ ಕಾಲದವರೆಗೆ ಅದೇ ಕುರ್ಚಿಯಲ್ಲಿ ಕೂತಿದ್ದು, ಎರಡು ವರ್ಷದ ಹಿಂದೆ ಕ್ರಿಸ್ಮಸ್ ಹೊತ್ತಿಗೆ ತೀರಿಕೊಂಡಿದ್ದ.

"ನಾವು ಮನೆ ಮಾರ್ತಿದೀವಾ, ಸಮಾಧಿ ಮಾರ್ತಿದೀವಾ ಎರ್ಲಿಂದಾ?" ಎಂದ ಲೆಯೊಬಾರ್ದೊ. ಕೆಟ್ಟವನಲ್ಲ, ಆದರೆ ಸಾಲ ಕೊಟ್ಟ ಬ್ಯಾಂಕಿನವರು ಕೆಮ್ಮಿದರೆ ಇವನಿಗೆ ಜ್ವರ ಬರುತ್ತಿತ್ತು. "ಆ ಮುದುಕನ ಫೈಲುಗಳು ಇಲಿ ಬಿಲ ಇದ್ದಂಗಿವೆ. ಎಲ್ಲಿಂದ ಹೊಕ್ಕು ಎಲ್ಲಿ ಬರ್ತೀವಿ ಗೊತ್ತಾಗಲ್ಲ. ಎಲ್ಲಾ ಹೊಸ ಫೋಲ್ಡರಿಗೆ ಹಾಕಿ ಸಾಫ್ ಮಾಡಿಬಿಡು. ಆ ಶಿಲುಬೆ ಎಲ್ಲೂ ಕಾಣಬಾರದು."

"ಆಯ್ತು ಆರ್ಕಿ" ಎಂದಳು ಎರ್ಲಿಂದಾ. ಅವಳಿಗೂ ಅದೇ ಬೇಕಿತ್ತು. ಗುರುವಿನ ಮೇಲೆ ಎಷ್ಟು ಗೌರವವಿದ್ದರೂ ಅವನ ಅವ್ಯವಸ್ಥೆಯ ಮೇಲೆ ಇರಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದುಹೋದ ಮೇಲೆ ಕೂತಳು. ಕಿಟಕಿಯ ಕೆಳಗೆ ಹಳೇ ಕಬ್ಬಿಣ, ಹಳೇ ಹಾಸಿಗೆ ಕೊಳ್ಳುವವನ ಧ್ವನಿವರ್ಧಕ ಕೂಗುತ್ತ ಹಾದುಹೋಯಿತು. ಏಳನೆಯ ಮಹಡಿಯ ನಕ್ಷೆ ತೆಗೆದು ಶಿಲುಬೆಯ ಮೇಲೆ ಒತ್ತಿದಳು. ಹಿಡಿತಕ್ಕೆ ಸಿಗಲಿಲ್ಲ. ಅದು ಅಲ್ಲಿ ಬರೆದದ್ದಲ್ಲ, ಕೊಂಡಿಯಲ್ಲಿ ಬಂದದ್ದು. ಕೊಂಡಿ ಹಿಡಿದು ಮೂಲಕ್ಕೆ ಹೋದಳು. ಮೆಟ್ಟಿಲು, ಲಿಫ್ಟು, ಡಕ್ಟಿನ ಫೈಲು ಅದು. ಶಿಲುಬೆ ಡಕ್ಟಿನ ಬಾಯಿಯ ಮೇಲೇ ಕೂತಿತ್ತು. ಒತ್ತಿದರೆ ಅಲ್ಲೂ ಸಿಗಲಿಲ್ಲ. ಅದರೊಳಗೆ ಇನ್ನೊಂದು ಕೊಂಡಿ.

ಅದನ್ನು ತೆರೆದರೆ ಈ ಕಟ್ಟಡವೇ ಅಲ್ಲ. ಪೋರ್ತಾಲೆಸ್ ಬಡಾವಣೆಯಲ್ಲಿ ಹತ್ತು ವರ್ಷದ ಹಿಂದೆ ಕಟ್ಟಿದ್ದು, ಅವಳೇ ಬರೆದದ್ದು. ಅಲ್ಲೂ ಡಕ್ಟಿನ ಮೇಲೆ ಶಿಲುಬೆ. ಇಷ್ಟು ದಿನ ಇದು ತನ್ನ ಕಣ್ಣಿಗೆ ಬಿದ್ದಿಲ್ಲವಲ್ಲ ಎಂದು ಎರ್ಲಿಂದಾಳಿಗೆ ಮುಜುಗರವಾಯಿತು. ಅದರ ಕೊಂಡಿ ಹಿಡಿದರೆ ಅದಕ್ಕೂ ಹಿಂದಿನ ಕಟ್ಟಡ. ಅದರೊಳಗೆ ಅದಕ್ಕೂ ಹಿಂದಿನದು. ಒಂದರ ಹೊಟ್ಟೆಯಲ್ಲಿ ಒಂದು, ಒಂದು ಮೆಟ್ಟಿಲ ಕೆಳಗೆ ಇನ್ನೊಂದು ಮೆಟ್ಟಿಲು. ಅವಳು ಕೆಲಸಕ್ಕೆ ಸೇರುವ ಮೊದಲಿನ ಕಟ್ಟಡಗಳು ಬಂದವು. ಈ ಊರಿನಲ್ಲಿ ಭೂಕಂಪಕ್ಕೆ ಬಿದ್ದು, ಈಗ ಕುರುಹೂ ಉಳಿಯದ ಕಟ್ಟಡವೊಂದು ಬಂತು. ಅದರ ಗೋಡೆ, ಬಾಗಿಲು, ಬಚ್ಚಲು ಎಲ್ಲ ಪರದೆಯ ಮೇಲೆ ನೆಟ್ಟಗೆ ನಿಂತಿದ್ದವು. ಎರ್ಲಿಂದಾಳಿಗೆ ತಾನು ಕುರ್ಚಿಯಲ್ಲಿ ಕೂತೇ ಎಲ್ಲೋ ಇಳಿಯುತ್ತಿದ್ದೇನೆ ಅನ್ನಿಸಿತು. ಬೀದಿಯ ಸದ್ದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

ತಳದಲ್ಲಿ ಒಂದು ಫೈಲು. ಹೆಸರು 'ತಾಚೊ'. ಅದರೊಳಗೆ ಎರಡೇ ಗೆರೆ, ಒಂದು ಉದ್ದ, ಒಂದು ಅಡ್ಡ. ಎರಡೂ ಸೇರುವ ಜಾಗ ಸರಿಯಾಗಿ ಸೊನ್ನೆಯ ಮೇಲೆ. ನಕ್ಷೆಯಲ್ಲಿ ಎಲ್ಲ ಅಳತೆಯೂ ಶುರುವಾಗುವ ಬಿಂದು ಅದು. ಒಂದು ಮಹಡಿಯ ಮೇಲೆ ಇನ್ನೊಂದು ತಪ್ಪದೆ ಕೂರಬೇಕಾದರೆ ಎಲ್ಲಕ್ಕೂ ಒಂದೇ ಸೊನ್ನೆ ಇರಬೇಕು. ದೋನ್ ಎವೋದಿಯೊ ಪ್ರತಿ ಹೊಸ ಕಟ್ಟಡಕ್ಕೂ ಡಕ್ಟಿನ ಬಾಯಿಯನ್ನೇ ಸೊನ್ನೆ ಮಾಡುತ್ತಿದ್ದ. ಯಾಕೆ ಎಂದು ಕೇಳಿದರೆ, "ನನ್ನ ಲೆಕ್ಕ ಇಲ್ಲಿಂದ್ಲೇ ಶುರು ಮಗಳೇ" ಎಂದು ಮಾತು ಮುಗಿಸುತ್ತಿದ್ದ. ಅಂದರೆ ಮೂವತ್ತು ವರ್ಷದಲ್ಲಿ ಈ ಕಚೇರಿ ಕಟ್ಟಿದ ಪ್ರತಿ ಗೋಡೆಯನ್ನೂ ಈ ಶಿಲುಬೆಯಿಂದಲೇ ಅಳೆದಿದ್ದರು.

ಫೈಲನ್ನು ಕೊನೆಯ ಸಲ ತೆರೆದು ಉಳಿಸಿದವರು ಯಾರೆಂದು ಅಭ್ಯಾಸಬಲದಿಂದ ನೋಡಿದಳು. ಎವೋದಿಯೊ ಎಂದಿತ್ತು. ದಿನಾಂಕ ಕಳೆದ ವರ್ಷದ ಮೇ ಮೂರು. ಆ ಹೊತ್ತಿಗೆ ಮುದುಕ ಮಣ್ಣಿಗೆ ಹೋಗಿ ತಿಂಗಳುಗಳೇ ಕಳೆದಿದ್ದವು.

ಯಾರೋ ಅವನ ಹಳೇ ಕಂಪ್ಯೂಟರಿನಲ್ಲಿ ತೆಗೆದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಎರಡೂ ಗೆರೆ ಹಿಡಿದು ಅಳಿಸಿದಳು. ಅಳಿಸಿದ ಮೇಲೂ ಶಿಲುಬೆ ಅಲ್ಲೇ ಇತ್ತು. ಕೈ ಅಲುಗಿದಾಗ ಶಿಲುಬೆಯೂ ಅಲುಗಿತು. ನೋಡಿದರೆ ಅವಳದೇ ಮೌಸಿನ ಗುರುತು. ನಕ್ಷೆಯ ಪರದೆಯಲ್ಲಿ ಓಡಾಡುವ ಗುರುತೂ ಒಂದು ಉದ್ದ, ಒಂದು ಅಡ್ಡ ಗೆರೆಯೇ. ದಿನಾ ನೋಡುವ ವಸ್ತುವಿಗೆ ಹೆದರಿದೆನಲ್ಲ ಎಂದು ನಾಚಿಕೆಯಾಗಿ, ಉಳಿದ ಕೆಲಸ ಬೇಗ ಬೇಗ ಮುಗಿಸಿದಳು. ಎಲ್ಲ ಮಹಡಿಗೂ ಹೊಸ ಫೋಲ್ಡರಿನಿಂದ ಹೊಸ ಕೊಂಡಿ ಹಾಕಿದಳು. ಎವೋದಿಯೊ ಹೆಸರಿನ ಹಳೇ ಫೋಲ್ಡರನ್ನು ಇಡಿಯಾಗಿ ಅಳಿಸಿದಳು. ಆಗ ಕಟ್ಟಡ ಐದನೆಯ ಮಹಡಿ ಮುಗಿಸಿತ್ತು. ಆರರಿಂದ ಮೇಲಿನ ಮಹಡಿಗಳ ಹಾಳೆಗಳನ್ನು ಹೊಸದಾಗಿ ಪ್ರಿಂಟ್ ತೆಗೆದು, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಸಹಿ ಹಾಕಿ ಸೈಟಿಗೆ ಕಳಿಸಿದಳು. ಯಾವುದರಲ್ಲೂ ಶಿಲುಬೆ ಇರಲಿಲ್ಲ.

ಮುಂದಿನ ಭಾನುವಾರ ತಮ್ಮನ ಮನೆಯಲ್ಲಿ ಊಟ. ನಬೋರನ ಹೆಂಡತಿ ಸಂತೆಯಿಂದ ಕುರಿ ಮಾಂಸದ ಬಾರ್ಬಕೋವಾ ತಂದಿದ್ದಳು. ನಬೋರ್ ಬಿಸಿ ತೋರ್ತೀಯಾ ರೊಟ್ಟಿಯಲ್ಲಿ ಮಾಂಸ ಸುತ್ತಿ ಅಕ್ಕನ ತಟ್ಟೆಗಿಟ್ಟು ನಗುತ್ತ ಕೇಳಿದ.

"ಅಲ್ಲಕ್ಕಾ, ನಿಮ್ಮ ಆಫೀಸಿನೋರು ತಾಚೊನ ಯಾಕೆ ಓಡಿಸಿದ್ರಿ?"

ಎರ್ಲಿಂದಾಳ ಕೈ ಬಾಯಿಯ ಹತ್ತಿರ ನಿಂತಿತು. ಆ ಹೆಸರನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ.

"ಆ ಹೆಸರು ನಿಂಗೆ ಯಾರೋ ಹೇಳಿದ್ದು?"

"ಕಿರೀನೊ ಮುದುಕ. ಸೆಂಟ್ರಿಂಗ್ ಹೊಡೀತಾನಲ್ಲ, ಅವ್ನು. ಹೊಸ ಪ್ಲಾನ್ ಬಿಚ್ಚಿದೇಟ್ಗೆ ಟೋಪಿ ತೆಗೆದು ನಿಂತ್ಬಿಟ್ಟ. 'ತಾಚೊ ಹೊರಟೋದ್ನಾ ಮೇಸ್ತ್ರಿ, ಇನ್ನು ನಮ್ಮನ್ನ ನೋಡ್ಕೊಳ್ಳೋರು ಯಾರು' ಅಂತಾನೆ. ನಂಗೆ ನಗು ತಡೀಲಿಲ್ಲ. 'ಯಾವನಯ್ಯ ತಾಚೊ, ಕೂಲಿ ಪಟ್ಟೀಲಿ ಇಲ್ವಲ್ಲ' ಅಂದೆ."

"ನಗಬೇಡ. ಏನಂದ ಹೇಳು."

ನಬೋರ್ ಹೇಳಿದ. ದೋನ್ ಎವೋದಿಯೊ ಬರೆದ ಮೊದಲ ಕಟ್ಟಡದಲ್ಲಿ ತಾಚೊ ಎಂಬವನು ಮೇಸ್ತ್ರಿಯಾಗಿದ್ದನಂತೆ. ಎವೋದಿಯೊನ ಮಗುವಿಗೆ ಜ್ಞಾನಸ್ನಾನದ ತಂದೆ ಅವನೇ, ಅಂದರೆ ಇಬ್ಬರೂ ಕಂಪಾದ್ರೆಗಳು, ಒಡಹುಟ್ಟಿದವರಿಗಿಂತ ಹೆಚ್ಚು. ಮೇ ಮೂರು, ಪವಿತ್ರ ಶಿಲುಬೆಯ ದಿನ, ನಮ್ಮ ಗಾರೆಯವರ ಹಬ್ಬ. ಕಟ್ಟುತ್ತಿರುವ ಪ್ರತಿ ಕಟ್ಟಡದ ನೆತ್ತಿಯ ಮೇಲೂ ಅಂದು ಹೂವಿನ ಶಿಲುಬೆ ಏರಬೇಕು, ಅದನ್ನು ಹೊರುವುದು ಮೇಸ್ತ್ರಿಯ ಹಕ್ಕು. ತಾಚೊ ಅದನ್ನು ಎದೆಗವಚಿ ಏರಿದ. ಕಾಗದದ ಹೂವಿನ ಮರೆಯಲ್ಲಿ ಕಾಲಕೆಳಗಿನ ಡಕ್ಟು ಕಾಣಲಿಲ್ಲ. ಮೇಲಿನಿಂದ ತಳದವರೆಗೆ ಹೋದ, ಶಿಲುಬೆಯ ಸಮೇತ.

"ಆವತ್ತಿಂದ ಆ ಮುದುಕ ಪ್ರತಿ ಪ್ಲಾನಲ್ಲೂ ಡಕ್ಟಿನ ಮೇಲೆ ಶಿಲುಬೆ ಬರೀತಿದ್ನಂತೆ. ಶಿಲುಬೆ ತುಳಿಯೋ ಗಾರೆಯವ್ನು ಎಲ್ಲಿದಾನೆ ಹೇಳು? ಮೊದ್ಲು ಅಲ್ಲಿಗೆ ದಪ್ಪ ಹಲಗೆ ಹೊಡೆದು, 'ಅಪ್ಪಣೆ ಕೊಡಣ್ಣ ತಾಚೊ' ಅಂದು, ಆಮೇಲೆ ಮಿಕ್ಕ ಕೆಲಸ. ಕೊಳವೆಯವ್ರು ಕೆಳಗಿಂದ ಬಂದಂಗೆ ಹಲಗೆ ಕಿತ್ತು ಮೇಲಿನ ಮಹಡಿಗೆ. ಅದೇ ಪದ್ಧತಿ."

"ಈಗ?"

"ಈಗ ಶಿಲುಬೆ ಇಲ್ವಲ್ಲ. ಹಲಗೆ ಮೊದ್ಲೇ ಕಮ್ಮಿ. ಇದ್ದವೆಲ್ಲ ಮೇಲೆ ಕಾಂಕ್ರೀಟ್ ಮೋಲ್ಡಿಗೆ ಹೋದ್ವು."

"ಮುಚ್ಚೋ ಅದನ್ನ, ನಾಳೆನೇ ಮುಚ್ಚು."

"ಆಯ್ತಕ್ಕಾ, ನೋಡ್ತೀನಿ" ಎಂದ ನಬೋರ್, ಚಿಕ್ಕವನಿದ್ದಾಗ ಹಲ್ಲುಜ್ಜಿದೆಯಾ ಎಂದರೆ ಹೇಳುತ್ತಿದ್ದ ಅದೇ ಧ್ವನಿಯಲ್ಲಿ.

ಸೋಮವಾರ ಅವಳು ಲೆಯೊಬಾರ್ದೊನ ಮುಂದೆ ನಿಂತಳು. ಶಿಲುಬೆ ವಾಪಸ್ ಹಾಕಬೇಕು ಎಂದಳು. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಎರ್ಲಿಂದಾ, ನೀನೂ ಶುರು ಮಾಡಿದ್ಯಾ? ತೆರೆದ ಡಕ್ಟ್ ಇದೆ ಅಂತ ಬರೆದು ಹಾಕು. ಇಪ್ಪತ್ತೊಂದನೇ ಶತಮಾನ ಇದು, ಅಕ್ಷರ ಅಂತ ಒಂದಿದೆ."

ಅತ್ತ ದರಿ, ಇತ್ತ ಪುಲಿ. ಕೆಲಸ ಕೊಟ್ಟವನ ಮಾತು ಮೀರುವಂತಿಲ್ಲ, ಮೀರದಿದ್ದರೆ ನಬೋರ್ ಓಡಾಡುವ ಜಾಗದಲ್ಲಿ ಬಾಯಿ ತೆರೆದ ಗುಂಡಿ. ಎರ್ಲಿಂದಾ ಡಕ್ಟಿನ ಪಕ್ಕದಲ್ಲಿ 'ತೆರೆದ ಜಾಗ, ಮುಚ್ಚಿಡಿ' ಎಂದು ಬರೆದು, ಆರರಿಂದ ಹನ್ನೊಂದರವರೆಗಿನ ಹಾಳೆಗಳನ್ನು ಮತ್ತೆ ಪ್ರಿಂಟ್ ತೆಗೆದಳು. ಮತ್ತೆ ಒಂದೊಂದನ್ನೂ ಬೆಳಕಿಗೆ ಹಿಡಿದಳು. ಅಕ್ಷರವಿತ್ತು, ಶಿಲುಬೆ ಇರಲಿಲ್ಲ. ನಕ್ಷೆಯಲ್ಲಿರುವ ಸಣ್ಣಕ್ಷರವನ್ನು ಯಾರು ಓದುತ್ತಾರೆ? ನೀವೂ ಓದುವುದಿಲ್ಲ, ನಾನೂ ಓದುವುದಿಲ್ಲ. ಅವಳಿಗೂ ಅದು ಗೊತ್ತಿತ್ತು, ಆದರೂ ಬರೆದೆನಲ್ಲ ಎಂದು ಸಮಾಧಾನ ಪಟ್ಟುಕೊಂಡಳು. ಸಂಜೆ ಫೋನು ಮಾಡಿ ತಮ್ಮನನ್ನು ಕೇಳಿದರೆ, "ಆಯ್ತಕ್ಕಾ, ಹೇಳಿದೀನಿ" ಎಂದ.

ಮೇ ಮೂರು ಬಂತು. ಆ ಹೊತ್ತಿಗೆ ಎಂಟನೆಯ ಮಹಡಿಯ ನೆಲದ ಮೋಲ್ಡ್ ಹಾಕಿ ಆಗಿತ್ತು. ಬೆಳಗಿನಿಂದಲೇ ಊರ ತುಂಬ ಪಟಾಕಿ. ಸೈಟಿನ ಕೆಳಗೆ ಸಿಮೆಂಟು ಚೀಲಗಳ ಮೇಲೆ ಹಲಗೆಯಿಟ್ಟು ಊಟದ ಮೇಜು ಮಾಡಿದ್ದರು. ದೊಡ್ಡ ತಾಮ್ರದ ಕೊಪ್ಪರಿಗೆಯಲ್ಲಿ ಹಂದಿ ಮಾಂಸ ತನ್ನದೇ ಕೊಬ್ಬಿನಲ್ಲಿ ಬೇಯುತ್ತಿತ್ತು. ಲೆಯೊಬಾರ್ದೊ ಬಿಳಿ ಅಂಗಿ ತೊಟ್ಟು ಬಂದಿದ್ದ. ಕಿರೀನೊ ಮಾಡಿದ ಮರದ ಶಿಲುಬೆಗೆ ಗುಲಾಬಿ, ಹಳದಿ ಕಾಗದದ ಹೂ, ಉದ್ದುದ್ದ ಬಣ್ಣದ ಪಟ್ಟಿ. ಪಾದ್ರಿ ಬಂದು ನೀರು ಚಿಮುಕಿಸಿ, ಒಂದು ತೋರ್ತೀಯಾ ತಿಂದು, ಮುಂದಿನ ಸೈಟಿಗೆ ಓಡಿದ.

"ಮೇಸ್ತ್ರಿ, ಏರಿಸಪ್ಪ!" ಎಂದು ಎಲ್ಲ ಕೂಗಿದರು. ನಬೋರ್ ಶಿಲುಬೆಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗವಚಿಕೊಂಡ. ಹೂವಿನ ರಾಶಿಯ ಹಿಂದೆ ಅವನ ಮುಖ ಮರೆಯಾಯಿತು. ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಆ ಕಾಲು ಮೆಟ್ಟಿಲ ಕತ್ತಲೆಯೊಳಗೆ ಹೋಯಿತು.

ಎರ್ಲಿಂದಾಳ ಕೈಯಲ್ಲಿದ್ದ ತಟ್ಟೆ ಜಾರಿತು.

"ನಬೋರ್! ಲೋ ನಬೋರ್, ನಿಲ್ಲೋ!"

ಪಟಾಕಿಯ ಸರದಲ್ಲಿ ಅವಳ ಕೂಗು ಅವಳಿಗೇ ಕೇಳಲಿಲ್ಲ. ಓಡಿದಳು. ಕಂಬಿಯಿಲ್ಲದ, ಕೈಹಿಡಿಯಿಲ್ಲದ ಹಸಿ ಮೆಟ್ಟಿಲು. ಮೊದಲನೆಯದು, ಎರಡನೆಯದು, ಎಲ್ಲ ಮಹಡಿಯೂ ಒಂದೇ ಥರ. ಹತ್ತುತ್ತಿದ್ದೇನೋ ಇಳಿಯುತ್ತಿದ್ದೇನೋ ತಿಳಿಯಲಿಲ್ಲ, ಆವತ್ತು ಪರದೆಯ ಮೇಲೆ ಆದ ಹಾಗೆಯೇ. ಮೇಲೆ ತಮ್ಮನ ಹೆಜ್ಜೆ ಕೇಳುತ್ತಿತ್ತು. ಆರನೆಯ ಮಹಡಿಯ ತಿರುವಿನಲ್ಲಿ ಡಕ್ಟು ಕಂಡಿತು. ಹಲಗೆ ಇರಲಿಲ್ಲ. ಚೌಕಾಕಾರದ ಕಪ್ಪು, ಅದರೊಳಗಿಂದ ತಣ್ಣನೆಯ ಗಾಳಿ. ಇಲ್ಲೇ ಇಲ್ಲದಿದ್ದರೆ ಮೇಲೆಯೂ ಇಲ್ಲ. ಎಂಟರಿಂದ ಬಿದ್ದರೆ ತಳದವರೆಗೆ ತಡೆಯುವುದು ಏನೂ ಇಲ್ಲ. ಅಳಿಸಿದ್ದು ನಾನು, ಈ ಕೈ ಎಂದು ಅವಳಿಗೆ ಸ್ಪಷ್ಟವಾಗಿ ಅನ್ನಿಸಿತು.

ಏಳನೆಯ ಮಹಡಿಗೆ ಕಾಲಿಟ್ಟಳು. ಅಲ್ಲಿ ಡಕ್ಟಿನ ಮೇಲೆ ದಪ್ಪ ಹಲಗೆಗಳು, ಒಂದರ ಪಕ್ಕ ಒಂದು, ಮೊಳೆ ಹೊಡೆದು ಕೂರಿಸಿದ್ದವು. ಅವನ್ನು ನೋಡುತ್ತ ನಿಂತಳು. ಇವು ಇಲ್ಲಿ ಯಾಕಿವೆ ಎಂದು ಯೋಚಿಸುವ ಮೊದಲೇ ತಲೆಯ ಮೇಲಿಂದ ಒಂದು ಕೂಗು, ಮರ ಮುರಿಯುವ ಸದ್ದು, ಹಿಂದೆಯೇ ಅವಳ ಕಣ್ಣೆದುರೇ ಹಲಗೆಯ ಮೇಲೆ ಧೊಪ್ಪೆಂದು ತಮ್ಮ.

ಹಲಗೆ ಬಗ್ಗಿತು, ಮುರಿಯಲಿಲ್ಲ. ಶಿಲುಬೆ ಎರಡು ತುಂಡಾಗಿತ್ತು. ನಬೋರನ ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು. ಕಾಗದದ ಹೂಗಳು ಇನ್ನೂ ಒಂದೊಂದೇ ಮೇಲಿಂದ ಬೀಳುತ್ತಿದ್ದವು. ಎರ್ಲಿಂದಾ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವನು ಹುಟ್ಟಿದಾಗಿನಿಂದ ಬೈದ ಬೈಗುಳವನ್ನೆಲ್ಲ ಮತ್ತೊಮ್ಮೆ ಬೈದಳು. ಅವನು ಕಣ್ಣು ಬಿಟ್ಟ.

"ಅಕ್ಕಾ, ಊಟಕ್ಕೆ ಹಾಕ್ಬಿಟ್ರಾ?" ಎಂದ, ಮತ್ತೆ ಎಚ್ಚರ ತಪ್ಪಿದ.

ಕಾಲು ಎರಡು ಕಡೆ ಮುರಿದಿತ್ತು, ಪಕ್ಕೆಯ ಮೂಳೆ ಬಿರುಕು ಬಿಟ್ಟಿತ್ತು, ಉಳಿದಂತೆ ಜೀವಕ್ಕೆ ಏನೂ ಆಗಿರಲಿಲ್ಲ. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕಿರೀನೊ ಟೋಪಿಯನ್ನು ಮಂಡಿಯ ಮೇಲಿಟ್ಟು ಕೂತಿದ್ದ. ಎರ್ಲಿಂದಾ ಅವನ ಪಕ್ಕ ಕೂತಳು.

"ಕಿರೀನೊ ಅಣ್ಣ, ಆರಕ್ಕೆ ಹಲಗೆ ಇಲ್ಲ, ಎಂಟಕ್ಕೆ ಇಲ್ಲ. ಏಳಕ್ಕೆ ಮಾತ್ರ ಯಾಕೆ ಹಾಕಿದ್ರಿ? ನಬೋರ್ ಹೇಳಿದ್ನಾ?"

"ಮೇಸ್ತ್ರಿ ಎಲ್ಲಿ ಹೇಳ್ದ? ಪ್ಲಾನಲ್ಲಿ ಇತ್ತಲ್ಲಮ್ಮ. ನೀನೇ ಕಳ್ಸಿದ್ದು."

"ನಾ ಕಳಿಸಿದ್ರಲ್ಲಿ ಇರ್ಲಿಲ್ಲ."

"ಇತ್ತು ತಾಯಿ. ಆರರದು ಬಿಚ್ಚಿದೆ, ಇಲ್ಲ. ಎಂಟರದೂ ಇಲ್ಲ. ಏಳರದರಲ್ಲಿ ಕೂತಿದಾನೆ! ಎಷ್ಟು ಖುಷಿ ಆಯ್ತು ಅಂತೀಯಾ. ಎಲ್ಲಾ ಕಡೆಯಿಂದ ಓಡಿಸಿದ್ರೂ ಒಂದು ಮನೇಲಾದ್ರೂ ಜಾಗ ಕೊಟ್ಟಿದಾಳೆ, ಒಳ್ಳೇ ಹೆಂಗಸು ಅಂದ್ಕೊಂಡು, ಇದ್ದ ನಾಕು ಹಲಗೆ ಮೋಲ್ಡಿನೋರಿಂದ ಕಿತ್ಕೊಂಡು ಬಂದು ಹೊಡೆದೆ."

ಅವಳು ಅಲ್ಲಿಂದ ನೇರ ಸೈಟಿಗೆ ಹೋದಳು. ಏಳನೆಯ ಮಹಡಿಯ ಹಾಳೆ ಸಿಮೆಂಟು ಮೆತ್ತಿಕೊಂಡು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಕೆಳಗೆ ಅವಳದೇ ಸಹಿ. ಡಕ್ಟಿನ ಪಕ್ಕದಲ್ಲಿ 'ತೆರೆದ ಜಾಗ, ಮುಚ್ಚಿಡಿ' ಎಂಬ ಅಕ್ಷರ. ಅಂದರೆ ಹಳೇ ಹಾಳೆಯಲ್ಲ, ಎರಡನೆಯ ಸಲ ತೆಗೆದದ್ದೇ. ಅಕ್ಷರದ ಎಡಗಡೆ ಶಿಲುಬೆ. ಯಾರಾದರೂ ಕೈಯಲ್ಲಿ ಬರೆದರೇ ಎಂದು ಉಗುರಿನಿಂದ ಕೆರೆದು ನೋಡಿದಳು. ಗೋಡೆಯ ಗೆರೆ ಯಾವ ಮಸಿಯೋ ಅದೂ ಅದೇ ಮಸಿ. ಹಾಳೆಯನ್ನು ಬೆಳಕಿಗೆ ಹಿಡಿದಳು, ಆವತ್ತು ಹಿಡಿದ ಹಾಗೆಯೇ. ಆವತ್ತು ಇರಲಿಲ್ಲ. ಇದಕ್ಕಿಂತ ಹೆಚ್ಚು ಅವಳು ಪ್ರಮಾಣ ಮಾಡಿ ಹೇಳಬಲ್ಲ ಮಾತು ಬೇರೆ ಇರಲಿಲ್ಲ.

ಕಚೇರಿಗೆ ಬಂದು ಏಳನೆಯ ಮಹಡಿಯ ಫೈಲು ತೆರೆದಳು. ಪರದೆಯ ಮೇಲೆ ಶಿಲುಬೆ. ಕೊಂಡಿಗಳ ಪಟ್ಟಿ ತೆಗೆದಳು. ಎಲ್ಲ ಕೊಂಡಿಯೂ ಹೊಸ ಫೋಲ್ಡರಿನಿಂದ ಬಂದಿದ್ದವು, ಒಂದನ್ನು ಬಿಟ್ಟು. ಆ ಒಂದು ಎವೋದಿಯೊನ ಫೋಲ್ಡರಿನಿಂದ ಬಂದಿತ್ತು, 'ತಾಚೊ'. ಪಕ್ಕದಲ್ಲಿ 'ಸಿಕ್ಕಿದೆ' ಎಂಬ ಗುರುತು. ಆ ಫೋಲ್ಡರ್ ಹುಡುಕಿದಳು. ಕಂಪ್ಯೂಟರಿನಲ್ಲಿ ಅಂಥ ಫೋಲ್ಡರೇ ಇರಲಿಲ್ಲ. ಇಲ್ಲದ ಕಡೆಯಿಂದ ಬಂದ ಎರಡು ಗೆರೆ ಕಣ್ಣ ಮುಂದೆ ಇದ್ದವು. ಫೈಲು ಮುಚ್ಚಿ ಮತ್ತೆ ತೆರೆದಳು. ಈ ಸಲ 'ಸಿಗಲಿಲ್ಲ' ಎಂದು ಬಂತು, ಡಕ್ಟಿನ ಬಾಯಿ ಖಾಲಿಯಾಗಿತ್ತು.

ಕಂಪ್ಯೂಟರ್ ಬಲ್ಲವರು ಇದಕ್ಕೆ ಏನಾದರೂ ಕಾರಣ ಹೇಳಿಯಾರು. ಎಲ್ಲೋ ಉಳಿದ ಹಳೇ ಪ್ರತಿ, ಯಂತ್ರದ ನೆನಪು, ಅವಳ ಕಣ್ತಪ್ಪು. ಹೇಳಲಿ, ಬಾಯಿ ಅವರದು. ಎರ್ಲಿಂದಾ ಕಾರಣ ಹುಡುಕಲಿಲ್ಲ. ಹೊಸ ಫೈಲು ತೆರೆದಳು. ಮೌಸಿನ ಗುರುತನ್ನು ತಂದು ಸೊನ್ನೆಯ ಮೇಲಿಟ್ಟಳು.

"ಅಪ್ಪಣೆ ಕೊಡಣ್ಣ ತಾಚೊ" ಎಂದು ಬಾಯಿ ಬಿಟ್ಟೇ ಹೇಳಿದಳು. ಒಂದು ಉದ್ದ ಗೆರೆ ಎಳೆದಳು, ಒಂದು ಅಡ್ಡ. ಹನ್ನೊಂದು ಮಹಡಿಗೂ ಕೊಂಡಿ ಹಾಕಿದಳು. ಲೆಯೊಬಾರ್ದೊ ಹಿಂದೆ ಬಂದು ನಿಂತು ನೋಡಿದ. ಅವನ ಬಿಳಿ ಅಂಗಿಯ ತೋಳಿನಲ್ಲಿ ನಬೋರನನ್ನು ಇಳಿಸುವಾಗ ತಾಗಿದ ರಕ್ತ ಇನ್ನೂ ಇತ್ತು. ತನ್ನ ಕೋಣೆಗೆ ಹೋದ.

ಜೂನಿನಲ್ಲಿ ದೊನ್ಯಾ ಬ್ರಿಹಿದಾ ಮತ್ತೆ ಬಂದಳು. ಬೇರೆ ಕಡೆ ಮನೆ ಹುಡುಕಿ ಸಾಕಾಗಿತ್ತೋ ಏನೋ. ಹೊಸ ಹಾಳೆಯಲ್ಲೂ ಶಿಲುಬೆ ಕಂಡು ಅವಳ ಹುಬ್ಬು ಗಂಟಾಯಿತು. ಮಾರಾಟದ ಹುಡುಗಿ ಹೆದರಿ ಎರ್ಲಿಂದಾಳಿಗೆ ಹೇಳಿಕಳಿಸಿದಳು.

"ಪ್ರಿಂಟ್ ತಪ್ಪು ಅಂದ್ರಿ, ತಿದ್ದೇ ಇಲ್ವಲ್ಲ" ಎಂದಳು ದೊನ್ಯಾ ಬ್ರಿಹಿದಾ. "ನಿಜ ಹೇಳಿ. ಈ ಏಳನೇ ಮಹಡೀಲಿ ಸತ್ತಿದ್ದು ಯಾರು?"

"ಯಾರೂ ಸತ್ತಿಲ್ಲ ದೊನ್ಯಾ" ಎಂದಳು ಎರ್ಲಿಂದಾ. "ನನ್ನ ತಮ್ಮ ಸಾಯಬೇಕಿತ್ತು. ಇವನು ಬಿಡಲಿಲ್ಲ."

ಮುದುಕಿ ಹಾಳೆಯ ಮೇಲಿನ ಗುರುತನ್ನೂ ಎರ್ಲಿಂದಾಳ ಮುಖವನ್ನೂ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಕೈಚೀಲವನ್ನು ಮೇಜಿನ ಮೇಲಿಟ್ಟಳು.

"ನಾನು ರೇಡಿಯೋ ಸ್ವಲ್ಪ ಜೋರಾಗಿ ಹಾಕ್ತೀನಿ" ಎಂದಳು. "ಅವನಿಗೇನೂ ತೊಂದ್ರೆ ಆಗಲ್ವಾ?"